ಬಾಯಲ್ಲಿ ನೀರೂರುವ ಕಥೆ



ಹುಳಿ ಮಾವಿನಕಾಯಿಗೆ ಉಪ್ಪು-ಖಾರ ಹಚ್ಚಿದ ಮಾತೆತ್ತಿದರೆ ಸಾಕು, ಬಾಯಲ್ಲಿ ನೀರೂರುತ್ತದೆ, ಅಲ್ಲವೇ? ಶಾಲೆಯಲ್ಲಿ ನೀವು ಸಲೈವಾ ಎಂದು ಕಲಿತ ಈ ನೀರಿಗೆ ನಮ್ಮ ಭಾಷೆಯಲ್ಲಿ ಹೆಸರುಗಳು ಹಲವು. ಮಗುವಿನ ಬಾಯಿಂದ ಸುರಿದರೆ ಜೊಲ್ಲು, ಹೊರಗೆ ಹಾಕಿದರೆ ಉಗುಳು, ಲೋಟಕ್ಕೆ ತಗುಲಿದರೆ ಎಂಜಲು, ವಿಜ್ಞಾನದ ಪುಸ್ತಕದಲ್ಲಿ ಲಾಲಾರಸ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಒಸರುತ್ತದೆ!

ಒಸರಿಸುವ ದೊಡ್ಡ ಗ್ರಂಥಿಗಳು 3 ಜೋಡಿ. ಕಿವಿಯ ಮುಂದೆ ಇರುವ ಪೆರೋಟಿಡ್ ಎಲ್ಲಕ್ಕಿಂತ ದೊಡ್ಡದು. ಅದರ ನಾಳ ಕೆನ್ನೆಯ ಒಳಗೆ, ಮೇಲಿನ ಎರಡನೆಯ ದವಡೆಹಲ್ಲಿನ ಎದುರು ತೆರೆಯುತ್ತದೆ. ಎರಡನೆಯ ಜೋಡಿ ಕೆಳದವಡೆಯ ಅಡಿಯಲ್ಲಿ, ಮೂರನೆಯದು ನಾಲಿಗೆಯ ಕೆಳಗೆ. ತುಟಿ, ಕೆನ್ನೆ, ಅಂಗುಳಗಳಲ್ಲಿ ನೂರಾರು ಕಿರುಗ್ರಂಥಿಗಳೂ ಇವೆ.

ಇವಕ್ಕೆ ಅಪ್ಪಣೆ ಕೊಡುವುದು ಮಿದುಳು. ಅಲ್ಲಿಂದ ಹೊರಡುವ 12 ಜೋಡಿ ನರಗಳಲ್ಲಿ 9ನೆಯದು ಪೆರೋಟಿಡ್‌ಗೆ ಸುದ್ದಿ ಮುಟ್ಟಿಸುತ್ತದೆ. ಉಳಿದೆರಡು ಜೋಡಿ 7ನೆಯ ನರದ, ಅಂದರೆ ಮುಖದ ನರದ ಪಾಲು. ಅದರ ಒಂದು ಎಳೆ ಕಿವಿಯ ತಮಟೆಯ ಹಿಂದಿನಿಂದ ಹಾದು ನಾಲಿಗೆಯ ಕಡೆಗೆ ಇಳಿಯುತ್ತದೆ. ತಮಾಷೆ ನೋಡಿ: ಈ ಮುಖದ ನರ ಪೆರೋಟಿಡ್‌ನ ಒಳಗೇ ತೂರಿ 5 ಕವಲಾಗುತ್ತದೆ, ಆದರೆ ಆ ಗ್ರಂಥಿಗೆ ಏನೂ ಕೊಡುವುದಿಲ್ಲ. ನಡುಮನೆಯಲ್ಲೇ ಓಡಾಡಿದರೂ ಮನೆಯವರೊಡನೆ ಮಾತಿಲ್ಲದ ಬಾಡಿಗೆದಾರನಂತೆ! ಅಲ್ಲಿನ ಗಡ್ಡೆ ತೆಗೆಯುವಾಗ ಸರ್ಜನ್ ಮೈಯೆಲ್ಲ ಕಣ್ಣಾಗಿರುವುದು ಇದಕ್ಕೇ. ಆ ನರಕ್ಕೆ ಪೆಟ್ಟಾದರೆ ಕಣ್ಣು ಮುಚ್ಚದು, ಬಾಯಿ ಸೊಟ್ಟಗಾಗುತ್ತದೆ.

ಇಂಟರ್‌ವ್ಯೂಗೆ ಹೋದಾಗ ಬಾಯಿ ಒಣಗುವುದೂ ನರಗಳ ಆಟವೇ. ಹೆದರಿಕೆಯಲ್ಲಿ ಈ ಅಪ್ಪಣೆ ತಗ್ಗುತ್ತದೆ. ಒಂದು ಗುಟುಕು ನೀರು ಕುಡಿಯಿರಿ, ನಾಚಿಕೆ ಬೇಡ.

ಹಾಸ್ಟೆಲಿನಲ್ಲಿ, ಪರವೂರಿನ ಕೆಲಸದಲ್ಲಿ ಇರುವವರು ಇಷ್ಟು ನೆನಪಿಡಿ. ಕಿವಿಯ ಮುಂದೆ ಊದಿ ಜ್ವರ ಬಂದರೆ ಮಂಗನಬಾವು ಇರಬಹುದು. ಅದು ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಪ್ರಾಯದ ಹುಡುಗರಲ್ಲಿ ವೃಷಣ ಊದಬಹುದು, ಅಪರೂಪಕ್ಕೆ ಕಿವಿಯೂ ಕೇಳಿಸದಾಗಬಹುದು. ಎಂ.ಎಂ.ಆರ್. ಲಸಿಕೆ ಹಾಕಿಸಿದೆಯೇ ಎಂದು ಇಂದೇ ಅಮ್ಮನನ್ನು ಕೇಳಿ. ಊಟದ ಹೊತ್ತಿಗೇ ದವಡೆಯಡಿ ಊದಿ ನೋಯುತ್ತಿದ್ದರೆ ನಾಳದಲ್ಲಿ ಕಲ್ಲು ಸಿಕ್ಕಿರಬಹುದು. ನೋವಿಲ್ಲದ ಗಂಟನ್ನಂತೂ "ನೋವಿಲ್ಲವಲ್ಲ" ಎಂದು ಬಿಡಬೇಡಿ. ಗಂಟಿನ ಜೊತೆಗೆ ಮುಖ ಒಂದು ಕಡೆ ವಾಲಿದರೆ ಒಂದು ದಿನವೂ ತಡಮಾಡದೆ ಡಾಕ್ಟರಿಗೆ ತೋರಿಸಿ.

ಬಾಯಲ್ಲಿ ನೀರೂರುವುದು ಆಸೆಬುರುಕತನವಲ್ಲ, ಆರೋಗ್ಯದ ಗುರುತು. ಅಮ್ಮ ಉಪ್ಪಿನಕಾಯಿ ಭರಣಿ ತೆರೆದಾಗ ಸಂಕೋಚಪಡದೆ ಕೈಯೊಡ್ಡಿ!