ಹಗರಿಯ ಮರಳಿಗೆ ಬೇಲಿಯೇ ಮದ್ದು

ಮುಂಗಾರಿನಲ್ಲಿ ಬೇರೆಡೆಯ ರೈತ ಮುಗಿಲು ನೋಡಿದರೆ, ರಾಯದುರ್ಗದ ಕಡೆ ಕಣೇಕಲ್, ಬೊಮ್ಮನಹಾಳು ಸೀಮೆಯ ರೈತ ಹಗರಿಯತ್ತ ನೋಡುತ್ತಾನೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಒಣಗಿದ ಹೊಳೆಯ ಮರಳನ್ನೆತ್ತಿ ಹೊಲಕ್ಕೆ ಸುರಿಯುತ್ತದೆ. ದರ್ಗಾ ಹೊನ್ನೂರಿನ ಬಳಿ ಸಾಗುವಳಿ ಭೂಮಿಯಲ್ಲೇ ಮರಳುದಿಬ್ಬಗಳು ಎದ್ದಿವೆ. ಇದನ್ನು ಹಣೆಬರಹವೆಂದು ಕೈಕಟ್ಟಿ ಕೂರುವುದು ತಪ್ಪು.

ಹಗರಿ, ಎಂದರೆ ವೇದಾವತಿ, ಹುಟ್ಟುವುದು ಬಾಬಾಬುಡನ್ ಬೆಟ್ಟಗಳಲ್ಲಿ. 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯಲ್ಲೂ, ಮುಂದೆ ಭೈರವಾನಿತಿಪ್ಪದ ಕಟ್ಟೆಯಲ್ಲೂ ಅದರ ನೀರು ನಿಲ್ಲುತ್ತದೆ. ಕೆಳಗಿನ ಪಾತ್ರ ವರ್ಷದ ಬಹುಕಾಲ ಬರಿ ಮರಳು. ಅರಬ್ಬೀ ಸಮುದ್ರದಿಂದೆದ್ದ ಗಾಳಿ ತನ್ನ ನೀರನ್ನು ಘಟ್ಟದ ಮೇಲೆಯೇ ಸುರಿದು, ನಮ್ಮಲ್ಲಿಗೆ ಬರಿಗೈಯಲ್ಲಿ ಬರುತ್ತದೆ. ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು ಮಾತ್ರ.

ಬ್ಯಾಗ್ನಾಲ್ಡ್ ಎಂಬ ವಿಜ್ಞಾನಿ ಲಿಬಿಯಾದ ಮರುಭೂಮಿಯಲ್ಲಿ ಅಲೆದು, 1941ರಲ್ಲಿ ಮರಳಿನ ನಡೆಯ ಬಗ್ಗೆ ಗ್ರಂಥ ಪ್ರಕಟಿಸಿದರು. ಮರಳು ಧೂಳಿನಂತೆ ಆಕಾಶಕ್ಕೇರುವುದಿಲ್ಲ. ಕುಪ್ಪಳಿಸುತ್ತಾ ಬಹುಪಾಲು ಮೊಣಕಾಲೆತ್ತರದೊಳಗೇ ಸಾಗುತ್ತದೆ. ಗಾಳಿಯ ವೇಗ ಅರ್ಧಕ್ಕಿಳಿದರೆ ಸಾಗುವ ಮರಳು ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಹೀಗಿರುವಾಗ ಗಿಡ್ಡ ಬೇಲಿಯೂ ಸಣ್ಣ ಕೆಲಸ ಮಾಡುವುದಿಲ್ಲ.

ಹೊಲದ ಪಡುವಣ ಅಂಚಿಗೆ ಕತ್ತಾಳೆ ನೆಡಿರಿ. ಅದರ ಹಿಂದೆ ಹೊಂಗೆ, ಬೇವು ಬೆಳೆಸಿರಿ. ಗೋಡೆ ಬೇಡ; ಗಾಳಿ ಅದನ್ನು ಹಾರಿ ಆಚೆ ಸುಳಿಯಾಗಿ ಬೀಳುತ್ತದೆ. ಗಾಳಿ ಸೋಸಿ ಹೋಗುವ ಬೇಲಿ ತನ್ನೆತ್ತರದ ಸುಮಾರು ಹತ್ತರಷ್ಟು ದೂರ ಹೊಲವನ್ನು ಕಾಯುತ್ತದೆ. ಶೇಂಗಾ ಕಿತ್ತ ನೆಲ ಬೋಳಾಗಿ ಉಳಿಯುತ್ತದೆ. ಅದರ ನಡುವೆ ಜೋಳ, ತೊಗರಿ ಅಕ್ಕಡಿ ಹಾಕಿ, ಕೊಯ್ದ ಮೇಲೆ ಕೂಳೆಯನ್ನು ಮುಂದಿನ ಬಿತ್ತನೆಯವರೆಗೆ ಬಿಡಿರಿ.

2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರದ ಬಾಂಧವರಿಗೂ ಈ ಮಾತು ಸಲ್ಲುತ್ತದೆ. ಕಡಲೆಕಾಯಿ ಕಿತ್ತ ಕೆಮ್ಮಣ್ಣನ್ನು ಅಲ್ಲಿ ಮಳೆನೀರು ಕೊಚ್ಚಿ ಕೆರೆಗೆ ತುಂಬುತ್ತದೆ. ನೆಲಕ್ಕೆ ಹೊದಿಕೆಯಿದ್ದರೆ ಗಾಳಿಗೂ ತಡೆ, ನೀರಿಗೂ ತಡೆ.

ಮರದ ಪಕ್ಕದ ಬೆಳೆ ಸೊರಗುತ್ತದೆಂದು ಕೆಲವರು ಹೇಳುತ್ತಾರೆ. ನಿಜ. ಆದರೆ ಎರಡು ಸಾಲು ಉಳಿಸಿಕೊಳ್ಳಲು ಹೋಗಿ ಹೊಲವನ್ನೇ ಕಳೆದುಕೊಳ್ಳುವುದು ಯಾವ ಲೆಕ್ಕ? ಒಬ್ಬನು ಬೇಲಿ ಹಾಕಿ ಪಕ್ಕದವನು ಬಿಟ್ಟರೆ, ಆ ಬಾಯಿಯಲ್ಲಿ ಗಾಳಿ ಮತ್ತಷ್ಟು ಬಿರುಸಾಗಿ ನುಗ್ಗುತ್ತದೆ. ಆದುದರಿಂದ ಹೊಳೆದಂಡೆಯ ಊರುಗಳು ಪಂಚಾಯಿತಿಯಲ್ಲಿ ಕೂಡಿ, ಈ ಮಳೆಗಾಲದಲ್ಲೇ ಒಂದೇ ಸಾಲಾಗಿ ಗಿಡ ನೆಡಬೇಕು. ದಿಬ್ಬ ಬೆಳೆದ ಮೇಲೆ ಅದನ್ನು ಹೊರುವುದಕ್ಕಿಂತ ಇಂದು ಗುಂಡಿ ತೋಡುವುದು ಹಗುರ.