ವಠಾರದ ಮನೆಗೆ ಕಾಯಂ ನಂಬರು

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರು ಹೊತ್ತ ಶೇಷಾದ್ರಿಪುರಕ್ಕೆ ಕಾಗದ ಬರೆಯುವವರು ಕೊನೆಯಲ್ಲಿ 560020 ಎಂದು ಬರೆಯುತ್ತಾರೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಕಾಗದವನ್ನು ಬಡಾವಣೆಯ ಅಂಚೆ ಕಚೇರಿಗೆ ಮುಟ್ಟಿಸಿದರೆ, ರಸ್ತೆಯ ಹೆಸರು ಮತ್ತು ಮನೆ ನಂಬರು ಬಾಗಿಲಿಗೆ ಮುಟ್ಟಿಸುತ್ತವೆ. ಬಾಗಿಲ ಹಿಂದೆ ಇರುವುದು ವಠಾರವಾದರೆ? ಒಳಗಿನ ಒಂದನೇ ಮನೆ, ಎರಡನೇ ಮನೆ ಎಂಬುದೆಲ್ಲ ವಠಾರದವರದೇ ಲೆಕ್ಕ. ಮಲ್ಲೇಶ್ವರದ ವಠಾರದಲ್ಲೂ ಮೂರನೇ ಮನೆ ಇರಬಹುದು, ಚಾಮರಾಜಪೇಟೆಯಲ್ಲೂ ಇರಬಹುದು. ಅದರಿಂದ ಯಾರಿಗೂ ಗೊಂದಲವಿಲ್ಲ.

ಮನೆಯೊಳಗಿನ ಗಣಕಜಾಲವೂ ಇಂಥದೇ ವಠಾರ. ಅಕ್ಕನ ಗಣಕ, ಅಪ್ಪನ ಲ್ಯಾಪ್‌ಟಾಪ್, ಅಮ್ಮನ ಫೋನು, ಪ್ರಿಂಟರ್ ಎಲ್ಲಕ್ಕೂ ಹೊರಬಾಗಿಲು ಒಂದೇ. ಅದೇ ರೂಟರ್. ಒಳಗೆ ಪ್ರತಿ ಯಂತ್ರಕ್ಕೂ 192.168.1.5ರಂಥ ಒಂದು ನಂಬರು ಇರುತ್ತದೆ. ಇದೇ ಐಪಿ ವಿಳಾಸ.

1981ರಲ್ಲಿ ಈ ವಿಳಾಸದ ನಿಯಮ ರೂಪಿಸಿದಾಗ ಸುಮಾರು 429 ಕೋಟಿ ನಂಬರುಗಳಿಗೆ ಅವಕಾಶವಿತ್ತು. ಆಗ ಅದು ಧಾರಾಳವೆನಿಸಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡ ಅರ್ನೆಟ್ ಎಂಬ ಶೈಕ್ಷಣಿಕ ಜಾಲ 1986ರಲ್ಲಿ ಆರಂಭವಾದಾಗ ನಮ್ಮಲ್ಲಿ ಜಾಲಕ್ಕೆ ಸೇರಿದ ಗಣಕಗಳೇ ಬೆರಳೆಣಿಕೆಯಷ್ಟು. ಮುಂದೆ ಗಣಕಗಳು ಹೆಚ್ಚಿ ನಂಬರುಗಳ ಕೊರತೆ ಕಾಣಿಸಿತು. 192.168ರಿಂದ ಆರಂಭವಾಗುವಂಥ ಕೆಲವು ಗುಂಪುಗಳನ್ನು ಒಳಮನೆಯ ಬಳಕೆಗೆಂದೇ ಮೀಸಲಿಡುವ ನಿಯಮ 1996ರಲ್ಲಿ ನೆಲೆಗೊಂಡಿತು. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳೂ ಹಂಚಿಹೋದವು. ಇಷ್ಟಾದರೂ ಹಳೆಯ ನಂಬರುಗಳು ಇನ್ನೂ ಕೆಲಸ ಮಾಡುತ್ತಿವೆ ಎಂದರೆ ಅದರಲ್ಲಿ ಈ ವಠಾರದ ಉಪಾಯದ ಪಾಲು ದೊಡ್ಡದು.

ಒಳಗಿನ ನಂಬರು ಹಂಚುವವರು ಯಾರು? ರೂಟರೇ. ಡಿಎಚ್‌ಸಿಪಿ ಎಂಬ ಪದ್ಧತಿಯಲ್ಲಿ ಅದು ಪ್ರತಿ ಯಂತ್ರಕ್ಕೂ ಇಂತಿಷ್ಟು ಹೊತ್ತು ಎಂದು ನಂಬರನ್ನು ಬಾಡಿಗೆಗೆ ಕೊಡುತ್ತದೆ. ಕರಾರು ಮುಗಿದ ಮೇಲೆ ಅದೇ ನಂಬರು ಸಿಗಬಹುದು, ಬೇರೆಯದೂ ಸಿಗಬಹುದು. ಜಾಲತಾಣ ನೋಡಲು, ಆನ್‌ಲೈನ್ ಪಾಠ ಕೇಳಲು ಇದರಿಂದ ಏನೂ ತೊಂದರೆಯಿಲ್ಲ. ತೊಂದರೆ ಬರುವುದು ಒಂದು ಯಂತ್ರ ಇನ್ನೊಂದನ್ನು ನಂಬರು ಹಿಡಿದು ಹುಡುಕುವಾಗ. ಅಕ್ಕನ ಗಣಕದಲ್ಲಿರುವ ಪಾಠದ ಕಡತಗಳನ್ನು ತಮ್ಮ 192.168.1.7ರಲ್ಲಿ ಹುಡುಕುತ್ತಾನೆ, ಗಣಕ 9ಕ್ಕೆ ಹೋಗಿರುತ್ತದೆ. ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಪ್ರಿಂಟರ್ ‘ಸಿಗುತ್ತಿಲ್ಲ’ ಎಂಬ ಗೋಳಿಗೂ ಎಷ್ಟೋ ಸಲ ಇದೇ ಕಾರಣ.

ಅಂಥ ಯಂತ್ರಕ್ಕೆ ಕಾಯಂ ನಂಬರು ಕೊಡಬಹುದು. ಮೊದಲು ಈಗಿರುವುದನ್ನು ತಿಳಿಯಬೇಕು. ವಿಂಡೋಸ್ ಗಣಕದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಆಜ್ಞೆ ಕೊಟ್ಟರೆ ಗಣಕದ ವಿಳಾಸ, ಸಬ್‌ನೆಟ್ ಮಾಸ್ಕ್ ಮತ್ತು ಗೇಟ್‌ವೇ ಕಾಣುತ್ತವೆ. ಗೇಟ್‌ವೇ ಎಂದರೆ ಹೊರಬಾಗಿಲು, ಅಂದರೆ ರೂಟರಿನ ನಂಬರು. ಮಾಸ್ಕ್ 255.255.255.0 ಇದ್ದರೆ ವಿಳಾಸದ ಮೊದಲ ಮೂರು ಭಾಗ ವಠಾರದ ಗುರುತು, ಕೊನೆಯದು ಮನೆ ನಂಬರು ಎಂದರ್ಥ. ಆಗ ಮೊದಲ ಮೂರು ಭಾಗಗಳನ್ನು ಮುಟ್ಟದೆ ಕೊನೆಯದನ್ನು ಮಾತ್ರ ಬದಲಿಸಬೇಕು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ‘ಐಪಿ ಅಸೈನ್‌ಮೆಂಟ್’ ಎಂಬಲ್ಲಿ ‘ಮ್ಯಾನ್ಯುಯಲ್’ ಆರಿಸಿ, ಐಪಿವಿ4 ಚಾಲೂ ಮಾಡಿ, ವಿಳಾಸ, ಮಾಸ್ಕ್, ಗೇಟ್‌ವೇ ತುಂಬಬೇಕು. ಮಾಸ್ಕ್ ಬದಲು ‘ಪ್ರಿಫಿಕ್ಸ್’ ಕೇಳಿದರೆ ಮೇಲಿನ ಮಾಸ್ಕಿಗೆ 24 ಎಂದು ಬರೆದರಾಯಿತು. ಡಿಎನ್‌ಎಸ್ ಜಾಗದಲ್ಲಿ ಸಾಮಾನ್ಯವಾಗಿ ರೂಟರಿನ ನಂಬರೇ ಸಾಕು.

ಎಡವುವುದು ಇಲ್ಲಿಯೇ. ಮನಸ್ಸಿಗೆ ಬಂದ ನಂಬರು ಕೊಟ್ಟು, ಅದನ್ನೇ ರೂಟರ್ ಇನ್ನೊಂದು ಯಂತ್ರಕ್ಕೂ ಬಾಡಿಗೆಗೆ ಕೊಟ್ಟರೆ ಒಂದೇ ಮನೆಗೆ ಇಬ್ಬರು ಬಾಡಿಗೆದಾರರಾದಂತೆ. ಸಿಇಟಿ ಅರ್ಜಿ ತುಂಬುವ ಹೊತ್ತಿನಲ್ಲೇ ಸಂಪರ್ಕ ಕಡಿಯಬಹುದು. ಆದ್ದರಿಂದ ರೂಟರ್ ಹಂಚುವ ನಂಬರುಗಳ ಮಿತಿ ನೋಡಿ, ಅದರ ಹೊರಗಿನದನ್ನೇ ಆರಿಸಬೇಕು. ಇದಕ್ಕಿಂತ ಸಲೀಸಾದ ದಾರಿಯೆಂದರೆ ರೂಟರಿನಲ್ಲೇ ಆ ಯಂತ್ರಕ್ಕೆ ನಂಬರು ಕಾದಿರಿಸುವುದು. ‘ಅಡ್ರೆಸ್ ರಿಸರ್ವೇಷನ್’ ಎಂಬ ಈ ಸೌಲಭ್ಯ ಅನೇಕ ರೂಟರುಗಳಲ್ಲಿದೆ. ಯಜಮಾನನ ಲೆಕ್ಕದ ಪುಸ್ತಕದಲ್ಲೇ ಹೆಸರು ಬರೆಸಿದಂತಾದ್ದರಿಂದ ಜಗಳಕ್ಕೆ ಎಡೆಯಿಲ್ಲ. ಕಾಲೇಜಿಗೆ ಒಯ್ಯುವ ಲ್ಯಾಪ್‌ಟಾಪಿಗಂತೂ ಇದೇ ಲೇಸು.

ಕಾಯಂ ನಂಬರಿನಿಂದ ಅಂತರಜಾಲದ ವೇಗ ಹೆಚ್ಚುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಹಾಗೇನೂ ಇಲ್ಲ. ಹೊರಜಗತ್ತಿಗೆ ಕಾಣುವ ವಿಳಾಸವೂ ಇದರಿಂದ ಕಾಯಂ ಆಗದು. ಅದು ಸೇವೆ ಕೊಡುವ ಕಂಪನಿಯ ಕೈಯಲ್ಲಿದೆ. ಬೇರೆ ಯಂತ್ರಗಳು ಹುಡುಕಿಕೊಂಡು ಬರಬೇಕಾದ ಯಂತ್ರಕ್ಕಷ್ಟೇ ಕಾಯಂ ನಂಬರು ಕೊಟ್ಟು ಉಳಿದವನ್ನು ರೂಟರಿಗೆ ಬಿಡುವುದೇ ಜಾಣತನ.

ಮಕ್ಕಳು ಇದನ್ನು ಮಾಡಿ ನೋಡಲೆಂದು ಬಯಸಿದರೆ ತಂದೆತಾಯಿ ಅಡ್ಡಿಪಡಿಸಬೇಕಿಲ್ಲ. ಜಾಲದ ಪಾಠ ಕಲಿಯಲು ಮನೆಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗದು. ಪರೀಕ್ಷೆ, ಅರ್ಜಿಗಳ ಗಡಿಬಿಡಿಯಿಲ್ಲದ ದಿನ ನೋಡಿಕೊಂಡರೆ ಸಾಕು. ಬೆಂಗಳೂರಿನ ಎಷ್ಟೋ ಮನೆಗಳ ಫಲಕದಲ್ಲಿ ‘ಹೊಸ ನಂ.’ ಪಕ್ಕದಲ್ಲೇ ‘ಹಳೆ ನಂ.’ ಬರೆದಿರುತ್ತಾರಲ್ಲವೆ? ಹಾಗೆಯೇ ಬದಲಾವಣೆಗೆ ಮೊದಲು ಹಳೆಯ ವಿವರಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಕೆಟ್ಟರೆ ‘ಆಟೋಮ್ಯಾಟಿಕ್’ ಎಂಬುದನ್ನು ಮತ್ತೆ ಆರಿಸಿದರೆ ಗಣಕ ತನ್ನ ಹಳೆಯ ಕ್ರಮಕ್ಕೆ ಮರಳುತ್ತದೆ.