ಘಾಟಿಯಲ್ಲಿ ಗಾಡಿ ನಿಂತರೆ ಮುಂದೇನು?

ಶನಿವಾರ ಮಧ್ಯಾಹ್ನ ಕ್ಲಾಸು ಮುಗಿದರೆ ಸಾಕು, ನಮ್ಮ ಕಡೆಯ ಬೈಕುಗಳು ಘಾಟಿಯತ್ತ ಮುಖ ಮಾಡುತ್ತವೆ. ಬಂಟ್ವಾಳದ ಬಿ.ಸಿ.ರೋಡಿನಿಂದ ರಾಷ್ಟ್ರೀಯ ಹೆದ್ದಾರಿ 73 ಹಿಡಿದರೆ ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ. ಮೂಡುಬಿದಿರೆಯವರಿಗೆ ಹೆದ್ದಾರಿ 169. ಕಾರ್ಕಳ, ಬಜಗೋಳಿ, ಮಾಳ ದಾಟಿದರೆ ಕುದುರೆಮುಖದ ಕಾಡು. ಮಂಜು, ಜಲಪಾತ, ಕೊಟ್ಟಿಗೆಹಾರದ ನೀರುದೋಸೆ, ಒಂದಷ್ಟು ರೀಲ್ಸ್. ಹೋಗಬೇಡಿ ಎನ್ನುವ ಹಿರಿಯರ ಸಾಲಿಗೆ ನಾನು ಸೇರುವುದಿಲ್ಲ. ಖಂಡಿತ ಹೋಗೋಣ. ಆದರೆ ದಾರಿಯಲ್ಲಿ ಗಾಡಿ ಕೈಕೊಟ್ಟರೆ ಏನು ಮಾಡಬೇಕೆಂದು ತಿಳಿದು ಹೋಗೋಣ.

'ಫೋನ್ ಇದೆಯಲ್ಲ' ಎಂಬುದು ನಮ್ಮೆಲ್ಲರ ಧೈರ್ಯ. ಚಾರ್ಮಾಡಿ ಊರಿನಿಂದ ಕೊಟ್ಟಿಗೆಹಾರಕ್ಕೆ ಸುಮಾರು 25 ಕಿಲೋಮೀಟರ್. ನಡುವೆ ಗ್ಯಾರೇಜು, ಪೆಟ್ರೋಲ್ ಬಂಕ್ ಹುಡುಕುವಂತಿಲ್ಲ. ಎಷ್ಟೋ ತಿರುವುಗಳಲ್ಲಿ ಸಿಗ್ನಲ್ ಇರುವುದಿಲ್ಲ. ನಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112ಕ್ಕೆ ಕರೆ ಹೋಗುತ್ತದೆ. ಯಾವ ಟವರೂ ಸಿಗದ ಕಡೆ ಅದೂ ಇಲ್ಲ. ಇನ್ಶೂರೆನ್ಸ್ ಜೊತೆ ಬರುವ ರೋಡ್‌ಸೈಡ್ ಅಸಿಸ್ಟೆನ್ಸ್ ಕಥೆಯೂ ಇಷ್ಟೇ. ಮಳೆಗಾಲದಲ್ಲಂತೂ ರಸ್ತೆಯನ್ನೇ ನಂಬುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಸಾಲುಸಾಲು ಭೂಕುಸಿತವಾಗಿ ಚಾರ್ಮಾಡಿ ಬಂದ್ ಆದದ್ದು ನಮಗೆಲ್ಲ ನೆನಪಿದೆ.

ಕಳೆದ ಮಳೆಗಾಲದಲ್ಲಿ ನಾವು ನಾಲ್ವರು ಘಾಟಿ ಹತ್ತುವಾಗ ಗೆಳೆಯನ ಬೈಕಿನ ಕ್ಲಚ್ ಕೇಬಲ್ ತುಂಡಾಯಿತು. ಸಂಜೆ ಐದೂವರೆ, ದಟ್ಟ ಮಂಜು. ಹಿಂದೆ ಬಂದ ಲಾರಿಯ ಡ್ರೈವರಣ್ಣ ಮೊದಲು ಕೇಳಿದ್ದು 'ಏನು ಹಾಳಾಯ್ತು' ಎಂದಲ್ಲ, 'ಸೊಪ್ಪು ಹಾಕಿದ್ರಾ' ಎಂದು. ನಾವು ಮುಖ ಮುಖ ನೋಡಿಕೊಂಡೆವು. ಅವರೇ ಕಾಡುಗಿಡದ ಗೆಲ್ಲು ಮುರಿದು, ತಿರುವಿಗಿಂತ ಹಿಂದೆಯೇ ರಸ್ತೆಯ ಅಂಚಿನಲ್ಲಿ ಹಾಕಿ ಬಂದರು. ಗೆಳೆಯನ ಸೀಟಿನಡಿಯಲ್ಲಿ ಅವನ ಮಾವ ಇಟ್ಟುಕೊಟ್ಟ ಹೆಚ್ಚುವರಿ ಕೇಬಲ್ ಇತ್ತು. ಅರ್ಧ ಗಂಟೆಯಲ್ಲಿ ಹೊರಟೆವು. ಹೊರಡುವ ಮುಂಚೆ ಸೊಪ್ಪನ್ನು ತೆಗೆಸಿದ್ದೂ ಅದೇ ಡ್ರೈವರಣ್ಣ.

ಅಲ್ಲಿ ಕಲಿತದ್ದು ಇಷ್ಟು: ರಿಪೇರಿ ಎರಡನೆಯ ಕೆಲಸ. ಹಿಂದಿನಿಂದ ಬರುವವರಿಗೆ ನಾವು ಕಾಣುವಂತೆ ಮಾಡುವುದು ಮೊದಲನೆಯದು. ತಿರುವಿನಲ್ಲಿ ನಿಂತ ಗಾಡಿಯನ್ನು ತಳ್ಳಿಯಾದರೂ ನೇರ ರಸ್ತೆಗೆ ತರಬೇಕು. ಕಾರಾದರೆ ಹಜಾರ್ಡ್ ಲೈಟ್ ಹಾಕಿ, ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನವನ್ನು ದೂರದಲ್ಲಿಡಬೇಕು. ರಸ್ತೆ ಕಡೆಯ ಬಾಗಿಲಿನಿಂದ ಇಳಿಯಬಾರದು. ಇಂಜಿನ್ ಬಿಸಿಯೇರಿ ನಿಂತಿದ್ದರೆ ರೇಡಿಯೇಟರ್ ಮುಚ್ಚಳವನ್ನು ತಕ್ಷಣ ತೆರೆಯಬಾರದು, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಸಿಗ್ನಲ್ ಇಲ್ಲದಿದ್ದರೆ ಕತ್ತಲಲ್ಲಿ ನಡೆದು ಹೋಗುವುದಕ್ಕಿಂತ, ಬರುವ ಬಸ್ಸಿನ ಕಂಡಕ್ಟರ್ ಬಳಿ ಮನೆಯ ನಂಬರ್ ಬರೆದುಕೊಡುವುದು ಮೇಲು.

ಇಳಿಯುವಾಗ ಇನ್ನೊಂದು ಅಪಾಯ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ, ಕೆಲವರು ಇಂಜಿನ್ನನ್ನೇ ಬಂದ್ ಮಾಡಿ ಇಳಿಯುತ್ತಾರೆ. ಆಗ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬಿಡದೆ ಒತ್ತಿದ ಬ್ರೇಕ್ ಕಾದು ಹಿಡಿಯುವುದನ್ನೇ ಬಿಡುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಹಳೇ ಡ್ರೈವರುಗಳು ಹೇಳುವುದು ಇದಕ್ಕೇ. ಉಳಿಯುವ ಹತ್ತಿಪ್ಪತ್ತು ರೂಪಾಯಿಗೆ ಜೀವ ಒತ್ತೆ ಇಡಬೇಕೇ?

ಎಂಟು ಹಾಕಿ ತೋರಿಸಿದರೆ ನಮಗೆ ಲೈಸೆನ್ಸ್ ಸಿಗುತ್ತದೆ. ಪ್ಲಗ್ ಬಿಚ್ಚಿ ಒರೆಸಲು, ಟ್ಯೂಬ್‌ಲೆಸ್ ಟಯರಿನ ಪಂಕ್ಚರ್ ಹಾಕಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ರಸ್ತೆ ಸುರಕ್ಷತೆ ಎಂದರೆ ಕಾಲೇಜಿನಲ್ಲಿ ಒಂದು ಭಾಷಣ, ಒಂದು ಪ್ರತಿಜ್ಞೆ. ಅದರ ಬದಲು ಎನ್ನೆಸ್ಸೆಸ್ ಘಟಕಗಳು ಊರಿನ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಅರ್ಧ ದಿನ ಅಂಗಳದಲ್ಲೇ ಸ್ಪ್ಯಾನರ್ ಹಿಡಿಸಲಿ. ಹತ್ತಿರದ ಐಟಿಐ ಹುಡುಗರು ಪದವಿ ಓದುವವರಿಗೆ ಕಲಿಸಲಿ. ಹುಡುಗಿಯರಿಗೂ ಕಡ್ಡಾಯವಾಗಿ ಕಲಿಸಲಿ. ಸಂಜೆ ವೇಣೂರು ರಸ್ತೆಯಲ್ಲಿ ಸ್ಕೂಟರ್ ನಿಂತರೆ ಯಾರ ಸಹಾಯ ಬೇಕು, ಯಾರದು ಬೇಡ ಎಂದು ಆರಿಸುವ ಶಕ್ತಿ ಆಗ ಅವರ ಕೈಯಲ್ಲೇ ಇರುತ್ತದೆ. ಡೆಲಿವರಿ, ಸೇಲ್ಸ್, ಫೀಲ್ಡ್ ಕೆಲಸ ಹುಡುಕುತ್ತಿರುವವರಿಗೆ ಇದು ದಿನದ ಸಂಬಳದ ಪ್ರಶ್ನೆಯೂ ಹೌದು.

ಮುಂದಿನ ಶನಿವಾರ ಹೊರಡುವ ಮುನ್ನ ಪವರ್ ಬ್ಯಾಂಕಿನ ಪಕ್ಕದಲ್ಲಿ ಪಂಕ್ಚರ್ ಕಿಟ್, ಒಂದು ಕೇಬಲ್, ಒಂದು ಪ್ಲಗ್, ಒಂದು ಟಾರ್ಚ್ ಇರಲಿ. ಎಲ್ಲ ಸೇರಿದರೂ ಸೀಟಿನಡಿಯಲ್ಲಿ ಹಿಡಿಯುತ್ತದೆ.